ನೀಲಾಂಜನೆಯ ನೃತ್ಯವೂ ನಮ್ಮೂರ ದೊಡ್ಡಾಟವೂ

ಕಾವ್ಯವನ್ನು ಓದುವವನಿಗೆ ಒಂದು ಅನುಕೂಲತೆಯುಂಟು. ಅರ್ಥವಾಗದಿದ್ದರೆ ಪುಟವನ್ನು ಹಿಂದಕ್ಕೆ ತಿರುವಬಹುದು. ಶಿಲ್ಪವನ್ನು ನೋಡುವವನು ಇಂದಲ್ಲದಿದ್ದರೆ ನಾಳೆ ಬಂದರೂ ಅದು ಅಲ್ಲಿಯೇ ನಿಂತಿರುವದು. ಕುಣಿತವು ಹಾಗಲ್ಲ. ಎತ್ತಿದ ಕಾಲು ನೆಲಕ್ಕೆ ಬರುವಷ್ಟರಲ್ಲಿ ಆ ಹೆಜ್ಜೆ ಮುಗಿದುಹೋಗಿರುತ್ತದೆ. ಆದುದರಿಂದ ಕುಣಿಯುವವನಿಗೆ ಬೇಕಾಗುವಷ್ಟು ಅಲ್ಲದಿದ್ದರೂ ನೋಡುವವನಿಗೂ ಕೊಂಚ ಸಾಧನೆ ಬೇಕು. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಮ್ಮೂರ ದೊಡ್ಡಾಟದಲ್ಲಿ ಮೋಸಹೋಗಿ ಕಲಿತೆನು. ಅದನ್ನು ಹೇಳುವ ಮುಂಚೆ ದೊಡ್ಡಾಟದ ಪರಿಚಯ ಮಾಡಿಕೊಡುವದು ಅವಶ್ಯ. ಏಕೆಂದರೆ ವಾಡಿ, ಶಹಾಬಾದದಂಥ ಕಾರಖಾನೆಯ ಊರುಗಳಿಂದ ಬರುವ ನನ್ನ ಸಹಪಾಠಿಗಳಲ್ಲಿ ಅನೇಕರು ಅದರ ಹೆಸರನ್ನು ಕೇಳಿದ್ದರೂ ಬೆಳತನಕ ಕುಳಿತು ನೋಡಿದವರಲ್ಲ.

ದೊಡ್ಡಾಟವು ಬಯಲಾಟದ ಒಂದು ಬಗೆ. ಕರಾವಳಿಯ ಯಕ್ಷಗಾನವನ್ನು ಪಡುವಲಪಾಯವೆಂದೂ ಬಯಲುಸೀಮೆಯ ಆಟವನ್ನು ಮೂಡಲಪಾಯವೆಂದೂ ವಿದ್ವಾಂಸರು ಕರೆಯುವರು. ನಮ್ಮ ಕಡೆಗೆ ಪುರಾಣದ ಕಥೆಯನ್ನು ಆಡಿದರೆ ದೊಡ್ಡಾಟ, ಸಂಗ್ಯಾ ಬಾಳ್ಯಾನಂಥ ಸಾಮಾಜಿಕ ಕಥೆಯನ್ನು ಆಡಿದರೆ ಸಣ್ಣಾಟ. ಸಣ್ಣಾಟದಲ್ಲಿ ಹಾಡು, ಮಾತು ಮುಂದು. ದೊಡ್ಡಾಟದಲ್ಲಿ ವೇಷ ಮತ್ತು ಕುಣಿತ ಮುಂದು. ತೊಗರಿಯ ರಾಶಿ ಮುಗಿದ ಮೇಲೆ ಊರವರು ಆಟದ ಮಾಸ್ತರರನ್ನು ಕರೆಸುತ್ತಾರೆ. ಹಗಲು ಹೊಲ, ರಾತ್ರಿ ತಾಲೀಮು. ಅಕ್ಷರ ಬಾರದವನು ಕಿವಿಯಿಂದ ಕೇಳಿಯೇ ತನ್ನ ಪದಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡುತ್ತಾನೆ. ಜಾತ್ರೆಯ ರಾತ್ರಿ ಅಟ್ಟ ಕಟ್ಟುತ್ತಾರೆ. ಕಟ್ಟಿಗೆಯಲ್ಲಿ ಕೆತ್ತಿ, ಬಣ್ಣದ ಕಾಗದ, ಕನ್ನಡಿಯ ಚೂರು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹೊತ್ತು ಆ ಒಕ್ಕಲಿಗನು ಭೀಮನಾಗುವನು, ಕೀಚಕನಾಗುವನು. ಹೆಣ್ಣುವೇಷವನ್ನೂ ವಾಡಿಕೆಯಂತೆ ಗಂಡಸರೇ ಹಾಕುತ್ತಾರೆ.

ಇದರಲ್ಲಿ ನನಗೆ ಬಹಳ ಪ್ರಿಯವಾದದ್ದು ಪಾತ್ರವು ಪ್ರವೇಶಿಸುವ ರೀತಿ. ಇಬ್ಬರು ಒಂದು ತೆರೆಯನ್ನು ಅಡ್ಡ ಹಿಡಿದು ನಿಲ್ಲುವರು. ಹಿಮ್ಮೇಳದವರು ಪದ ಎತ್ತಿಕೊಳ್ಳುವರು. ಮದ್ದಳೆ, ತಾಳ ಕೂಡಿಕೊಳ್ಳುವವು. ತೆರೆಯ ಹಿಂದೆ ಬಂದು ನಿಂತ ವೇಷಧಾರಿಯ ಕಿರೀಟದ ತುದಿ ಮಾತ್ರ ಮೇಲೆ ಕಾಣುತ್ತದೆ, ತೆರೆಯ ಕೆಳಗೆ ಪಾದ ಮಾತ್ರ ಕಾಣುತ್ತದೆ. ಮೋರೆ ಕಾಣುವದಿಲ್ಲ. ಹೀಗೆ ಎಷ್ಟೋ ಹೊತ್ತು ಅವನು ಕುಣಿಯುತ್ತಾನೆ. ಆಮೇಲೆ ತೆರೆ ಸರಿಯುತ್ತದೆ; ಸಾರಥಿಯು ಬಂದು ‘ತಾವು ಯಾರು’ ಎಂದು ವಿಚಾರಿಸುತ್ತಾನೆ. ಕೇಳುವ ಅಗತ್ಯವೇ ಇರುವದಿಲ್ಲವೆಂದು ನಮ್ಮ ಆಯಿ ಹೇಳುತ್ತಾಳೆ. ಕಾಲನ್ನು ನೋಡಿದರೆ ಬಂದವನು ರಾಕ್ಷಸನೋ ರಾಜನೋ ಹೆಣ್ಣೋ ತಿಳಿಯಬೇಕು. ಭಾರದ ಪಾತ್ರದ ಹೆಜ್ಜೆ ಹಿಮ್ಮಡಿಯಿಂದ ಬೀಳುತ್ತದೆ, ಅಟ್ಟದ ಹಲಗೆಗಳು ಕಟಕಟಿಸುತ್ತವೆ. ಹೆಣ್ಣುವೇಷದ ಹೆಜ್ಜೆ ಚಿಕ್ಕದು. ಅಲ್ಲಿ ಗೆಜ್ಜೆಯ ಸಪ್ಪಳವೇ ಹೆಚ್ಚು. ‘ಮೋರಿಗಿ ಬಣ್ಣ ಯಾರ್ ಬೇಕಾದ್ರೂ ಬಳಕೋತಾರ, ಕಾಲಿಗಿ ಬಣ್ಣ ಹತ್ತಂಗಿಲ್ಲ’ ಎಂಬದು ಆಯಿಯ ಮಾತು. ಅವಳಿಗೆ ಓದು ಬರಹ ಬಾರದು. ನಾನು ನಮ್ಮ ಮನೆಯಲ್ಲಿ ಕಾಲೇಜು ಹತ್ತಿದ ಮೊದಲನೆಯವನು. ಆದುದರಿಂದ ಅವಳ ಈ ಮಾತನ್ನು ನಾನು ಕೇಳಿಯೂ ಕೇಳದವನ ಹಾಗೆ ಇದ್ದೆನು.

ಮೂರು ವರ್ಷಗಳ ಹಿಂದೆ, ಪಿ.ಯು.ಸಿ. ಮುಗಿಸಿದ ಬೇಸಿಗೆಯಲ್ಲಿ, ಕಾಗಿಣಾ ದಂಡೆಯ ನಮ್ಮೂರ ಜಾತ್ರೆಗೆ ‘ಕೀಚಕ ವಧೆ’ ಆಡಿದರು. ಸೈರಂಧ್ರಿಯ ವೇಷ ಹಾಕುವವರು ನಮ್ಮ ಓಣಿಯ ಒಬ್ಬ ಕಾಕಾ. ಫರ್ಸಿಕಲ್ಲಿನ ಖಣಿಯಲ್ಲಿ ಕೆಲಸ. ನಾಲ್ವತ್ತೈದರ ಗಂಡಸು, ಮೈ ಕೈ ಎಲ್ಲ ಕಲ್ಲಿನಂತೆ ಒರಟು. ಆದರೆ ಸೀರೆಯುಟ್ಟು ತೆರೆಯ ಹಿಂದೆ ನಿಂತರೆ ಬೇರೆಯೇ ಜೀವ. ನಾನು ಆಗ ಒಂದು ನೋಟಬುಕ್ಕು ಇಟ್ಟುಕೊಂಡು ನೋಡಿದ ಆಟಗಳ ಬಗ್ಗೆ ಅಭಿಪ್ರಾಯ ಬರೆಯುವ ಹವ್ಯಾಸ ಬೆಳೆಸಿಕೊಂಡಿದ್ದೆ. ವಿಮರ್ಶಕನಾಗುವ ಹುಚ್ಚು. ಗಣಪತಿ, ಶಾರದೆಯರ ಸ್ತುತಿ ಮುಗಿದು, ವಿರಾಟನ ಒಡ್ಡೋಲಗ ಆಗಿ, ಸೈರಂಧ್ರಿ ಬರುವಾಗ ರಾತ್ರಿ ಹನ್ನೊಂದು ದಾಟಿತ್ತು. ತೆರೆಕುಣಿತ ನಡೆಯಿತು. ಯಾಕೋ ಆ ಸಲ ಅಷ್ಟೊಂದು ಸೊಗಸು ಬರಲಿಲ್ಲವೆಂದು ನನಗೆ ತೋರಿತು. ಆದರೆ ನಡುರಾತ್ರಿ ಕಳೆದ ಮೇಲೆ, ಸೈರಂಧ್ರಿಯು ಭೀಮನ ಹತ್ತಿರ ಹೋಗಿ ದುಃಖ ತೋಡಿಕೊಳ್ಳುವ ಸನ್ನಿವೇಶದಲ್ಲಿ, ಕುಣಿತ ಒಮ್ಮೆಲೆ ಕಳೆಗಟ್ಟಿತು. ನನಗೆ ಅದೆಷ್ಟು ಹುರುಪು ಬಂದಿತೆಂದರೆ ಕಿಸೆಯಲ್ಲಿದ್ದ ಐವತ್ತು ರೂಪಾಯಿಯನ್ನು ಆಯೇರಿ ಮಾಡಿದೆನು. ಮೈಕಿನಲ್ಲಿ ನನ್ನ ಹೆಸರನ್ನೂ ಕಾಕಾನ ಹೆಸರನ್ನೂ ಕೂಗಿದರು. ನೋಟಬುಕ್ಕಿನಲ್ಲಿ ‘ಪ್ರಾರಂಭದಲ್ಲಿ ಮಂದ, ಉತ್ತರಾರ್ಧದಲ್ಲಿ ಅತ್ಯುತ್ತಮ’ ಎಂದು ಬರೆದೆನು.

ಕಥೆಯು ಎಲ್ಲರಿಗೂ ಗೊತ್ತಿದ್ದದ್ದೇ. ವಿರಾಟನ ಅರಮನೆಯ ನರ್ತನಶಾಲೆಯಲ್ಲಿ ಹಗಲು ಹೆಣ್ಣುಮಕ್ಕಳು ನೃತ್ಯ ಕಲಿಯುವರು, ರಾತ್ರಿ ಅದು ಬರಿದು. ಸೈರಂಧ್ರಿ ಅಲ್ಲಿಗೆ ಬರುವಳೆಂದು ನಂಬಿ ಕೀಚಕನು ಬರುತ್ತಾನೆ. ಕತ್ತಲಲ್ಲಿ ಕಾಯುತ್ತಿರುವವನು ಭೀಮ. ದೊಡ್ಡಾಟದಲ್ಲಿ ಭೀಮನು ಸೀರೆಯುಟ್ಟು ಮುಸುಕು ಹಾಕಿ ಕೂತಿದ್ದನ್ನು ಕಂಡು ಊರೆಲ್ಲ ನಕ್ಕಿತು. ಅಷ್ಟು ಅಗಲದ ಭುಜ ಕಂಡರೂ ಗುರುತು ಹಿಡಿಯಲಾರದ ಕೀಚಕನನ್ನು ನಾನೂ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆನು.

ಬೆಳಿಗ್ಗೆ ಮನೆಗೆ ನಡೆಯುತ್ತ ನನ್ನ ವಿಮರ್ಶೆಯನ್ನು ಆಯಿಗೆ ಹೇಳಿದೆನು. ಅವಳು ದಾರಿಯಲ್ಲಿಯೇ ನಿಂತಳು.

‘ನಡುರಾತ್ರಿ ಮ್ಯಾಲ ಕುಣದಾಂವ ಅಂವ ಅಲ್ಲೋ ಮಗಾ. ಬ್ಯಾರೆ ಪೋರ.’

‘ನಿಂಗ ಹ್ಯಾಂಗ ಗೊತ್ತು?’

‘ಮೊದ್ಲಿನಾಂವನ ಎಡಗಾಲಿನ ಗೆಜ್ಜಿ ತಡಾ ಮಾಡಿ ಬರ್ತಿತ್ತು. ಆಮ್ಯಾಲ ಎರಡೂ ಸರಿ ಬರ್ಲಕತ್ತು. ಪೆಟ್ಟು ಬಿದ್ದ ಕಾಲು ಒಂದ್ ತಾಸಿನ್ಯಾಗ ಹ್ಯಾಂಗ ನೆಟ್ಟಗಾಯ್ತದ?’

ನಾನು ನಂಬಲಿಲ್ಲ. ಮಧ್ಯಾಹ್ನ ಕಾಕಾನ ಮನೆಗೆ ಹೋದೆನು. ಅವರು ಹೊರಸಿನ ಮೇಲೆ ಕೂತಿದ್ದರು. ಎಡಗಾಲಿಗೆ ಹಳೆಯ ಧೋತರದ ಪಟ್ಟಿ. ಜಾತ್ರೆಗೆ ನಾಲ್ಕು ದಿನ ಇರುವಾಗ ಖಣಿಯಲ್ಲಿ ಫರ್ಸಿಯೊಂದು ಜಾರಿ ಎರಡು ಬೆರಳುಗಳ ಮೇಲೆ ಬಿದ್ದಿತ್ತಂತೆ. ಆಟ ಬಿಡುವ ಹಾಗಿರಲಿಲ್ಲ. ತಂಗಿಯ ಮಗನೊಬ್ಬನು ತಾಲೀಮಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಕಲಿತಿದ್ದನು. ಆದರೆ ತೆರೆಕುಣಿತ ಅವನಿಗೆ ಬರುತ್ತಿರಲಿಲ್ಲ. ಆದುದರಿಂದ ತೆರೆಕುಣಿತವನ್ನೂ ಮೊದಲಿನ ಸನ್ನಿವೇಶಗಳನ್ನೂ ಕಾಕಾ ಮಾಡಿ, ಚೌಕಿಗೆ ಬಂದು ಅದೇ ಸೀರೆ, ಅದೇ ಒಡವೆಗಳನ್ನು ಹುಡುಗನಿಗೆ ಉಡಿಸಿ, ತೊಡಿಸಿ ಕಳಿಸಿದ್ದರು. ನನ್ನ ಐವತ್ತು ರೂಪಾಯಿ ಹುಡುಗನ ಹತ್ತಿರವೇ ಇದೆಯೆಂದೂ ಬೇಕಾದರೆ ಮರಳಿ ಕೊಡಿಸುವೆನೆಂದೂ ನಕ್ಕರು. ನಾನು ನಾಚಿಕೆಯಿಂದ ಎಲ್ಲವನ್ನೂ ಹೇಳಿಕೊಂಡೆನು. ‘ಮಂದ’ ಎಂದು ಬರೆದದ್ದನ್ನು ಮಾತ್ರ ಹೇಳಲಿಲ್ಲ. ಇಂದು ಇಲ್ಲಿ ಹೇಳುತ್ತಿರುವದೇ ಮೊದಲು.

ಅವರೆಂದರು: ‘ನಿಂಗ ತಿಳಿಲಿಲ್ಲಂದ್ರ ನಮ್ಮ ಹುಡುಗ ಪಾಸಾದ ತಮ್ಮಾ. ನಿಮ್ಮ ಆಯಿಗಿ ತಿಳೀತಂದ್ರ ನಾ ಪಾಸಾದೆ.’

ಈ ಪ್ರಸಂಗವನ್ನು ನಾನು ಮರೆತುಬಿಡುತ್ತಿದ್ದೆನೋ ಏನೋ. ಕಳೆದ ವರ್ಷ ತರಗತಿಯಲ್ಲಿ ಗುರುಗಳು ಪಂಪನ ಆದಿಪುರಾಣದ ನೀಲಾಂಜನೆಯ ನೃತ್ಯದ ಭಾಗವನ್ನು ಪಾಠ ಹೇಳಿದರು. ಆದಿದೇವನಿಗೆ ವೈರಾಗ್ಯ ಹುಟ್ಟಿಸಬೇಕೆಂದು ಇಂದ್ರನು, ಆಯುಷ್ಯ ತೀರುತ್ತ ಬಂದಿದ್ದ ನೀಲಾಂಜನೆಯೆಂಬ ದೇವನರ್ತಕಿಯನ್ನು ಸಭೆಗೆ ಕರೆತರುತ್ತಾನೆ. ಕುಣಿಯುತ್ತ ಕುಣಿಯುತ್ತ ಆಕೆ ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂಥವಳೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಒಡವೆ, ಅದೇ ಲಯ. ತುಂಬಿದ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಆದಿದೇವನೊಬ್ಬನಿಗೆ ತಿಳಿಯಿತು. ಗುರುಗಳು ಇದನ್ನು ಜೀವನದ ಅನಿತ್ಯತೆಯ ದೃಷ್ಟಿಯಿಂದ ವಿವರಿಸಿದರು, ಅದು ಸರಿಯೇ. ಆದರೆ ಕೊನೆಯ ಬೆಂಚಿನಲ್ಲಿದ್ದ ನನಗೆ ಬೆವರು ಬಂದಿತು. ನಾನು ಆ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದವರ ಸಾಲಿನವನು! ನಮ್ಮ ಆಯಿ ಆದಿದೇವನ ಪಕ್ಕದಲ್ಲಿ ಕೂಡಬೇಕಾದವಳು.

ಈ ಕಥೆಗೂ ನಮ್ಮ ನೆಲಕ್ಕೂ ಇರುವ ಸಂಬಂಧವನ್ನು ಸಹಪಾಠಿಗಳು ಗಮನಿಸಬೇಕು. ಸೇಡಮಿನಿಂದ ಕಲಬುರ್ಗಿಗೆ ಹೋಗುವಾಗ ಬಸ್ಸು ಮಳಖೇಡದಲ್ಲಿ ನಿಲ್ಲುತ್ತದಷ್ಟೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರೇ ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದವರು. ನೀಲಾಂಜನೆಯ ಕಥೆ ಅದರಲ್ಲಿದೆ. ಪಂಪನು 941ರಲ್ಲಿ ಕನ್ನಡದಲ್ಲಿ ಹೇಳಿದನು. ಪುಷ್ಪದಂತನು 965ರಲ್ಲಿ ಮಾನ್ಯಖೇಟದಲ್ಲಿಯೇ ತನ್ನ ಅಪಭ್ರಂಶ ಭಾಷೆಯ ಮಹಾಪುರಾಣವನ್ನು ಮುಗಿಸಿದನು. ಇವರು ಬರೆದದ್ದು ಧರ್ಮಗ್ರಂಥ ನಿಜ. ಆದರೆ ಕುಣಿತವನ್ನು ಕಣ್ಣಿಟ್ಟು ನೋಡದವನಿಗೆ ಪಂಪನ ಆ ಭಾಗವನ್ನು ಬರೆಯಲು ಆಗುತ್ತಿರಲಿಲ್ಲವೆಂದು ನನ್ನ ಗಟ್ಟಿ ನಂಬುಗೆ.

ನೋಡುವದನ್ನೇ ಒಂದು ವಿದ್ಯೆಯೆಂದು ತಿಳಿದ ಅರಸನೂ ನಮ್ಮ ನೆರೆಯಲ್ಲಿ ಆಗಿಹೋದನು. ಚಿಂಚೋಳಿಯಿಂದ ವಾಯವ್ಯಕ್ಕೆ ಹೋದರೆ ಸಿಗುವ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನೃತ್ಯವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ನರ್ತಕಿಯಿಂದ ಹಿಡಿದು ದೊಂಬರಾಟದಂಥ ಕಸರತ್ತು ತೋರುವವರ ತನಕ ಕುಣಿಯುವವರನ್ನು ವಿಂಗಡಿಸಿದ್ದಾನೆ. ಅವನ ಬಗ್ಗೆ ಇನ್ನೊಂದು ಸಂಗತಿಯನ್ನು ಕಾಕತೀಯರ ಸೇನಾನಿ ಜಾಯಪನು 1253-54ರ ನೃತ್ತರತ್ನಾವಳಿಯಲ್ಲಿ ಹೇಳುತ್ತಾನೆ. ಕಲ್ಯಾಣದಲ್ಲಿ ಭೂತಮಾತೃ ಉತ್ಸವದಲ್ಲಿ ಬೇಡರ ಹೆಂಗಸಿನ ವೇಷದಲ್ಲಿ ಒಬ್ಬಳು ಹಾಡುತ್ತ ಕುಣಿದದ್ದನ್ನು ಅರಸನು ಕಂಡು ಮೆಚ್ಚಿ ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟನಂತೆ; ಅದೇ ಗೊಂಡಲಿ ನೃತ್ಯ. ಬೀದಿಯ ಕುಣಿತದ ಮುಂದೆ ಅರಸನು ನಿಂತನೆಂಬದು ನನಗೆ ಹಿಡಿಸುತ್ತದೆ. ನಿಂತು ನೋಡಿದನು, ಇಂದಿನ ನಮ್ಮ ಹಾಗೆ ಮೊಬೈಲು ಎತ್ತಿ ಹಿಡಿದು ಅದರ ಗಾಜಿನಲ್ಲಿ ನೋಡಲಿಲ್ಲ.

ಮೊಬೈಲನ್ನು ಹಳಿಯಲು ನನಗೆ ಅಧಿಕಾರವಿಲ್ಲವೆನ್ನಿ. ಪಾಶ್ಚಾತ್ಯರ ಬ್ಯಾಲೆ ನೃತ್ಯವನ್ನು ನಾನು ಕಂಡದ್ದು ಅದರಲ್ಲಿಯೇ. ಚಾಯ್ಕೋವ್‌ಸ್ಕಿಯ ಸಂಗೀತವಿರುವ ‘ಹಂಸ ಸರೋವರ’ 1877ರಲ್ಲಿ ಮಾಸ್ಕೋದಲ್ಲಿ ಮೊದಲು ಪ್ರದರ್ಶಿತವಾಯಿತು; ಇಂದು ಹೆಚ್ಚಾಗಿ ಆಡುವದು 1895ರ ಪೀಟರ್ಸ್‌ಬರ್ಗಿನ ರೂಪವನ್ನು. ಹಂಸವಾಗಿ ಶಾಪಗ್ರಸ್ತಳಾದ ಓಡೆಟ್ಟಳನ್ನು ರಾಜಕುಮಾರನು ಪ್ರೀತಿಸುತ್ತಾನೆ. ಮಾಂತ್ರಿಕನು ಅವಳನ್ನೇ ಹೋಲುವ ಓಡೀಲಳನ್ನು ಅರಮನೆಯ ಉತ್ಸವಕ್ಕೆ ಕರೆತರುತ್ತಾನೆ. ರಾಜಕುಮಾರನಿಗೆ ವ್ಯತ್ಯಾಸ ತಿಳಿಯುವದಿಲ್ಲ, ಅವಳಿಗೇ ವಚನ ಕೊಟ್ಟು ಕೆಡುತ್ತಾನೆ. ಎರಡೂ ಪಾತ್ರಗಳನ್ನು ಸಾಮಾನ್ಯವಾಗಿ ಒಬ್ಬಳೇ ನರ್ತಕಿ ಕುಣಿಯುವದು ವಾಡಿಕೆ. ಒಂದೇ ಮೈಯಲ್ಲಿ ಇಬ್ಬರನ್ನು ತೋರಿಸಬೇಕು. ನಮ್ಮ ಕಾಕಾ ಮತ್ತು ಅವರ ಸೋದರಳಿಯ ಎರಡು ಮೈಗಳಲ್ಲಿ ಒಬ್ಬಳನ್ನೇ ತೋರಿಸಿದರು. ಯಾವುದು ಕಠಿಣವೆಂಬದನ್ನು ಬಲ್ಲವರು ಹೇಳಬೇಕು. ಇನ್ನೊಂದು ಭೇದವೂ ಕಣ್ಣಿಗೆ ಬಿದ್ದಿತು. ಬ್ಯಾಲೆಯವಳು ಕಾಲ್ಬೆರಳಿನ ತುದಿಯ ಮೇಲೆ ನಿಂತು ನೆಲವನ್ನು ಬಿಡಲು ಹವಣಿಸುತ್ತಾಳೆ. ಸಪ್ಪಳವಾಗದ ಹಾಗೆ ಇಳಿಯುವದೇ ಅಲ್ಲಿಯ ಚಾತುರ್ಯ. ನಮ್ಮವನು ಸಪ್ಪಳಕ್ಕಾಗಿಯೇ ಕಾಲಿಗೆ ಗೆಜ್ಜೆ ಕಟ್ಟುತ್ತಾನೆ. ಗೆಜ್ಜೆಯಿಲ್ಲದಿದ್ದರೆ ಆಯಿಗೂ ಗೊತ್ತಾಗುತ್ತಿರಲಿಲ್ಲ.

ಚಿಂಚೋಳಿಯ ಕಡೆಯ ಗೆಳೆಯನೊಬ್ಬನು ಶ್ರಾವಣದಲ್ಲಿ ತೀಜ್ ಹಬ್ಬಕ್ಕೆ ತಮ್ಮ ತಾಂಡಾಕ್ಕೆ ಕರೆದೊಯ್ದಿದ್ದನು. ಬುಟ್ಟಿಗಳಲ್ಲಿ ಮೊಳೆತ ಗೋದಿಯ ಸುತ್ತ ಲಂಬಾಣಿ ಹೆಣ್ಣುಮಕ್ಕಳು ಕೈತಟ್ಟಿ ಹಾಡುತ್ತ ಸುತ್ತುತ್ತಾರೆ. ನಾನು ನೋಟಬುಕ್ಕು ಹಿಡಿದು ಎಲ್ಲಿ ಕೂಡಬೇಕೆಂದು ಹುಡುಕಿದೆನು. ಕೂಡಲು ಜಾಗವೇ ಇರಲಿಲ್ಲ. ಅಲ್ಲಿ ಅಟ್ಟವಿಲ್ಲ, ಮುಂದು ಹಿಂದು ಇಲ್ಲ, ಪ್ರೇಕ್ಷಕನೆಂಬವನೇ ಇಲ್ಲ. ಅದರ ಬಗ್ಗೆ ಬರೆಯಲು ನನಗೆ ಇನ್ನೂ ಯೋಗ್ಯತೆ ಬಂದಿಲ್ಲ.

ಕಾಕಾನ ಬೆರಳುಗಳು ಸರಿಹೋಗಲಿಲ್ಲ. ಅವರು ಈಗ ಸಾರಥಿಯ ಪಾತ್ರ ಮಾಡುತ್ತಾರೆ. ತೆರೆ ಸರಿದ ಮೇಲೆ ಬಂದು ‘ತಾವು ಯಾರು ತಾಯಿ’ ಎಂದು ತಮ್ಮ ಸೋದರಳಿಯನನ್ನೇ ಕೇಳುತ್ತಾರೆ. ಹುಡುಗನು ತೆರೆಕುಣಿತ ಕಲಿತಿದ್ದಾನೆ. ಈ ವರ್ಷದ ಜಾತ್ರೆಗೆ ಮತ್ತೆ ಕೀಚಕ ವಧೆಯೇ ಆಗಬೇಕೆಂದು ಊರವರು ನಿಶ್ಚಯಿಸಿದ್ದಾರೆ. ಆಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ಅಪ್ಪ ಒಪ್ಪಿಸಿದರೂ ಅವಳು ಜಾತ್ರೆ ಮುಗಿಯಲಿ ಎನ್ನುತ್ತಾಳೆ. ಅಟ್ಟದ ಹತ್ತಿರವೇ ಅವಳಿಗೆ ಜಾಗ ಹಿಡಿದು ಕೊಡುವ ಕೆಲಸ ನನ್ನದು. ‘ಗೆಜ್ಜಿ ನಾ ಕೇಳ್ತೀನಿ, ಕಾಲು ನೀ ನೋಡಿ ಹೇಳು’ ಎಂದಿದ್ದಾಳೆ. ಪರೀಕ್ಷೆಯ ವೇಳಾಪತ್ರಿಕೆ ಇನ್ನೂ ಬಂದಿಲ್ಲ. ಆ ರಾತ್ರಿಯ ಮರುದಿನ ಯಾವ ಪತ್ರಿಕೆಯೂ ಇರದಿರಲಿ.