ಓಟ್ಸ್ ಡಬ್ಬಿಯೋ, ರೊಟ್ಟಿ ಬುಟ್ಟಿಯೋ?

ತಂಗೀ, ಹರ್ತಿಗೆ ಸೊಸೆಯಾಗಿ ಬಂದಿರುವ ನೀವು ಆರೋಗ್ಯಕ್ಕೆಂದು ಗದಗಿನಿಂದ ಓಟ್ಸ್ ತರಿಸಬೇಕೇ ಎಂದು ಕೇಳಿದ್ದೀರಿ. ಬೇಡ, ದುಡ್ಡು ಉಳಿಸಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಮುಟ್ಟುವುದೂ ಕಷ್ಟ. ಓಟ್ಸ್‌ನಲ್ಲಿ ಪ್ರೋಟೀನು ಇನ್ನೂ ಹೆಚ್ಚಲ್ಲವೇ? ಹೌದು, ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕೂಡ ಕಡಿಮೆ. ಆದರೆ ಬರೀ ರೊಟ್ಟಿ ತಿನ್ನುವವರು ಯಾರು? ಮೊಳಕೆ ಬಂದ ಮಡಕಿಕಾಳಿನ ಪಲ್ಲೆ ಆ ಕೊರತೆ ತುಂಬುತ್ತದೆ. ಜೊತೆಗೆ ಹಸಿ ಹಕ್ಕರಕಿ, ಗುರೆಳ್ಳು ಚಟ್ನಿ.

ದಿನಾ ಬಡಿಯಲು ಪುರುಸೊತ್ತಿಲ್ಲ ಎಂಬ ತಕರಾರು ನ್ಯಾಯವೇ. ವಾರಕ್ಕೊಮ್ಮೆ ತೆಳ್ಳಗೆ ಬಡಿದು ಕಡಕ್ ರೊಟ್ಟಿ ಮಾಡಿಡಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಹಿಟ್ಟಿಗೆ ಕುದಿಯುವ ನೀರೇ ಬೇಕು. ಹಳೇ ಹಿಟ್ಟಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಸ್ವಲ್ಪಸ್ವಲ್ಪವೇ ಬೀಸಿಸಿ. ನೀವು ಬಡಿಯುವಾಗ ಹಂಚಿನ ಮುಂದೆ ಗಂಡನನ್ನು ಕೂಡಿಸಿ.