ಒಂಬೈನೂರ ಅರವತ್ತನೆಯ ಪರೀಕ್ಷೆ

ಎಳವೆಯಲ್ಲಿ ಕಲಿಯುವ ವಿದ್ಯೆಗೂ ವಯಸ್ಸು ಮಾಗಿದ ಮೇಲೆ ಕಲಿಯುವ ವಿದ್ಯೆಗೂ ಅಂತರವುಂಟು. ನಡೆಯಲು ಕಲಿಯುವ ಕೂಸು ನೂರು ಸಲ ಬೀಳುತ್ತದೆ. ಬಿದ್ದುದಕ್ಕೆ ಅದು ನಾಚುವುದಿಲ್ಲ. ಈಜು, ಮರ ಹತ್ತುವುದು, ಸೈಕಲ್ ಸವಾರಿ ಇವುಗಳನ್ನೆಲ್ಲ ಮಕ್ಕಳು ಮೊಣಕಾಲು ತರಚಿಕೊಂಡೇ ಕಲಿಯುತ್ತಾರೆ. ನಡುವಯಸ್ಸು ದಾಟಿದವರ ಪಾಡು ಬೇರೆ. ಕೈಕಾಲುಗಳು ಹೇಳಿದ ಮಾತನ್ನು ಒಡನೆಯೇ ಕೇಳುವುದಿಲ್ಲ. ಬೆಳಗ್ಗೆ ಓದಿದ್ದು ಸಂಜೆಗೆ ಮರೆಯುತ್ತದೆ. ಇವೆರಡಕ್ಕಿಂತಲೂ ದೊಡ್ಡ ಅಡ್ಡಿಯೆಂದರೆ ಸಂಕೋಚ. ಮನೆಯಲ್ಲಿ ಹಿರಿಯರೆನಿಸಿಕೊಂಡವರು, ಮಕ್ಕಳಿಗೆ ಬುದ್ಧಿ ಹೇಳುವವರು, ನಾಲ್ಕು ಜನರ ಕಣ್ಣೆದುರಿಗೆ ತಪ್ಪು ಮಾಡಿ ತಿದ್ದಿಸಿಕೊಳ್ಳಬೇಕೆಂದರೆ ಮನಸ್ಸು ಹಿಂಜರಿಯುತ್ತದೆ.

ಮೋಟಾರುಗಾಡಿ ನಡೆಸುವ ವಿದ್ಯೆಯನ್ನೇ ನೋಡಬಹುದು. ಕೈ ಸ್ಟಿಯರಿಂಗ್ ಚಕ್ರವನ್ನು ಹಿಡಿದಿರಬೇಕು. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕು ಮತ್ತು ಆಕ್ಸಿಲರೇಟರುಗಳ ಮೇಲೆ ಆಡುತ್ತಿರಬೇಕು. ಕಣ್ಣು ಮುಂದಿನ ದಾರಿಯನ್ನೂ ಹಿಂದಿನ ವಾಹನವನ್ನು ತೋರುವ ಕನ್ನಡಿಯನ್ನೂ ಗಮನಿಸುತ್ತಿರಬೇಕು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಗಾಡಿ ಕುಕ್ಕರಿಸಿದಂತಾಗಿ ನಿಂತುಹೋಗುತ್ತದೆ. ಹಿಂದಿನ ವಾಹನದವರು ಹಾರ್ನು ಬಾರಿಸುತ್ತಾರೆ. ಪಕ್ಕದಲ್ಲಿ ಕುಳಿತು ಕಲಿಸುವವನು ಮಗನ ವಯಸ್ಸಿನವನಾದರೆ ಕಲಿಯುವವರ ಮುಖ ಮತ್ತಷ್ಟು ಕೆಂಪೇರುತ್ತದೆ. ನಾಲ್ಕಾರು ದಿನ ಹೀಗೆ ಕಳೆದು, "ಇದು ನನ್ನಿಂದಾಗುವ ಕೆಲಸವಲ್ಲ" ಎಂದು ಕೈಬಿಟ್ಟವರು ಊರೂರಿನಲ್ಲಿಯೂ ಸಿಗುತ್ತಾರೆ.

ಹಾಗೆ ಕೈಬಿಡದೆ ಐದು ವರ್ಷ ಹೆಣಗಿದ ಒಬ್ಬ ವೃದ್ಧೆಯ ಸಂಗತಿ 2010ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆಕೆ ದಕ್ಷಿಣ ಕೊರಿಯಾ ದೇಶದವರು. ಹೆಸರು ಚಾ ಸಾ-ಸೂನ್. ಕೊರಿಯಾದಲ್ಲಿ ಮನೆತನದ ಹೆಸರನ್ನು ಮೊದಲು ಹೇಳುವುದು ವಾಡಿಕೆ. 'ಚಾ' ಎಂಬುದು ಆಕೆಯ ಮನೆತನದ ಹೆಸರು. ಆ ದೇಶದ ಭಾಷೆಯಲ್ಲಿ ಮೋಟಾರುಗಾಡಿಗೂ 'ಚಾ' ಎಂದೇ ಕರೆಯುತ್ತಾರೆ. ಹೆಸರಿನಲ್ಲಿಯೇ ಗಾಡಿಯನ್ನು ಇಟ್ಟುಕೊಂಡು ಹುಟ್ಟಿದ ಆಕೆಗೆ ಅದನ್ನು ನಡೆಸುವ ಅಧಿಕಾರ ದೊರೆತದ್ದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ.

ರಾಜಧಾನಿಯಾದ ಸಿಯೋಲ್ ನಗರಕ್ಕೆ ದಕ್ಷಿಣದಲ್ಲಿ ವಾಂಜು ಎಂಬ ಸೀಮೆಯುಂಟು. ಅಲ್ಲಿ ಬೆಟ್ಟಗಳ ನಡುವೆ ಇರುವ ಸಿನ್‌ಚೋನ್ ಎಂಬ ಸಣ್ಣ ಹಳ್ಳಿ ಆಕೆಯ ಊರು. ಆಕೆ ಹುಟ್ಟಿದಾಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. 1945ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು. 1950ರಿಂದ 1953ರವರೆಗೆ ಯುದ್ಧ ನಾಡನ್ನು ಸುಟ್ಟಿತು. ಆಕೆಯದು ಏಳು ಮಕ್ಕಳ ಸಂಸಾರ. ಸ್ವಂತ ಭೂಮಿಯಿಲ್ಲದ ಬಡ ರೈತ ಕುಟುಂಬ. ಬಾಲ್ಯವೆಲ್ಲ ಹೊಲದ ದುಡಿಮೆಯಲ್ಲಿ ಕಳೆಯಿತು. ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ. ಹದಿನೈದನೆಯ ವಯಸ್ಸಿನಲ್ಲಿ ಆಕೆ ನಿಜವಾದ ಶಾಲೆಗೆ ಸೇರಿ ನಾಲ್ಕನೆಯ ತರಗತಿಯಲ್ಲಿ ಕುಳಿತರು. ಕೆಲವೇ ವರ್ಷಗಳಲ್ಲಿ ಆ ಓದೂ ನಿಂತಿತು. ಮುಂದೆ ಆಕೆ ನಾಲ್ಕು ಮಕ್ಕಳ ತಾಯಿಯಾದರು, ಮೊಮ್ಮಕ್ಕಳನ್ನೂ ಕಂಡರು.

ಆಕೆಯ ಜೀವಮಾನದಲ್ಲಿಯೇ ಕೊರಿಯಾದ ಮುಖ ಬದಲಾಯಿತು. 1975ರಲ್ಲಿ ಆ ದೇಶದ ಕಾರ್ಖಾನೆಯೊಂದು 'ಪೋನಿ' ಎಂಬ ತನ್ನದೇ ಮಾದರಿಯ ಕಾರನ್ನು ತಯಾರಿಸತೊಡಗಿತು. 1997ರ ವೇಳೆಗೆ ದೇಶದ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮುಟ್ಟಿತು. ಆದರೆ ಸಿನ್‌ಚೋನ್ ಹಳ್ಳಿಗೆ ಬಸ್ಸು ಬರುತ್ತಿದ್ದುದು ಎರಡು ಗಂಟೆಗೊಮ್ಮೆ. ತನ್ನ ಹಿತ್ತಲಲ್ಲಿ ಬೆಳೆದ ಕಾಯಿಪಲ್ಲೆಯನ್ನು ಸಂತೆಗೆ ಒಯ್ದು ಮಾರುತ್ತಿದ್ದ ಆಕೆ ಬಸ್ಸಿಗಾಗಿ ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಕಾರು ನಡೆಸಿಕೊಂಡು ಹೋಗುವವರನ್ನು ಕಂಡಾಗ ತನಗೂ ಆ ವಿದ್ಯೆ ಬರಬಾರದೇ ಎನ್ನಿಸುತ್ತಿತ್ತು. ಮೊಮ್ಮಕ್ಕಳನ್ನು ಕೂರಿಸಿಕೊಂಡು ಮೃಗಾಲಯಕ್ಕೆ ಕರೆದೊಯ್ಯಬೇಕೆಂಬುದು ಆಕೆಯ ಇನ್ನೊಂದು ಆಸೆ. ಮಕ್ಕಳನ್ನು ಬೆಳೆಸಿ ದಡ ಸೇರಿಸುವವರೆಗೆ ಇಂಥ ಆಸೆಗಳಿಗೆ ಬಿಡುವಿರಲಿಲ್ಲ. ಬಿಡುವು ದೊರೆತಾಗ ವಯಸ್ಸು ಅರವತ್ತನ್ನು ದಾಟಿತ್ತು.

ಕೊರಿಯಾದಲ್ಲಿ ಲೈಸೆನ್ಸು ಪಡೆಯಲು ಆಗ ಮೂರು ಮೆಟ್ಟಿಲುಗಳನ್ನು ಹತ್ತಬೇಕಾಗಿತ್ತು. ಮೊದಲನೆಯದು ರಸ್ತೆಯ ನಿಯಮಗಳನ್ನೂ ವಾಹನದ ಪಾಲನೆಯನ್ನೂ ಕುರಿತ ಲಿಖಿತ ಪರೀಕ್ಷೆ. ಎರಡನೆಯದು ಮೈದಾನದಲ್ಲಿ ಗಾಡಿ ನಡೆಸಿ ತೋರಿಸುವ ಪರೀಕ್ಷೆ. ಮೂರನೆಯದು ರಸ್ತೆಯಲ್ಲಿ ನಡೆಯುವ ಪರೀಕ್ಷೆ. ಲಿಖಿತ ಪರೀಕ್ಷೆಯಲ್ಲಿ 40 ಪ್ರಶ್ನೆಗಳು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಆಕೆ ಬಯಸಿದ ಲೈಸೆನ್ಸಿಗೆ ನೂರಕ್ಕೆ 60 ಅಂಕ ಬಂದರೆ ತೇರ್ಗಡೆ.

2005ರ ಏಪ್ರಿಲ್ ತಿಂಗಳಿನಲ್ಲಿ ಆಕೆ ಮೊದಲ ಸಲ ಲಿಖಿತ ಪರೀಕ್ಷೆಗೆ ಕುಳಿತರು; ನಪಾಸಾದರು. ಮತ್ತೆ ಕುಳಿತರು, ಮತ್ತೆ ನಪಾಸು. ಮೊದಲ ವರ್ಷಗಳಲ್ಲಿ ವಾರದ ಕೆಲಸದ ದಿನಗಳಲ್ಲೆಲ್ಲ ಹೆಚ್ಚುಕಡಿಮೆ ಪ್ರತಿದಿನವೂ ಹೋಗುತ್ತಿದ್ದರು. ಆಮೇಲೆ ವಾರಕ್ಕೆ ಸುಮಾರು ಎರಡು ಸಲ. ಬಸ್ಸು ಹಿಡಿದು ಹೋಗುವುದು, ಶುಲ್ಕ ಕಟ್ಟುವುದು, ಉತ್ತರ ಬರೆಯುವುದು, ಫಲಿತಾಂಶ ಕೇಳಿ ಹಳ್ಳಿಗೆ ಮರಳುವುದು, ಇದೇ ದಿನಚರಿಯಾಯಿತು. ಬರುತ್ತಿದ್ದ ಅಂಕಗಳು ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗೆ.

ಇಷ್ಟು ಸಲ ಬರೆದರೂ ಏಕೆ ತೇರ್ಗಡೆಯಾಗಲಿಲ್ಲ? ಆಕೆಗೆ ಬುದ್ಧಿ ಕಡಿಮೆಯೆಂದು ಯಾರಾದರೂ ತಿಳಿದರೆ ಅದು ಅವಸರದ ತೀರ್ಮಾನವಾದೀತು. ಆಕೆಗೆ ಅಕ್ಷರಗಳು ಬರುತ್ತಿದ್ದವು. ಪದಗಳನ್ನು ಕೂಡಿಸಿ ಓದಲೂ ಬರುತ್ತಿತ್ತು. ಆದರೆ ಆ ಪದಗಳ ಅರ್ಥ ಆಕೆಗೆ ದೂರವಾಗಿತ್ತು. ಕೊರಿಯಾದ ಕಾನೂನಿನ ಭಾಷೆಯಲ್ಲಿ ಚೀನೀ ಮೂಲದ ಪದಗಳು ಬಹಳ. ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಆ ಪದಗಳು ಕಿವಿಗೆ ಬೀಳುವುದಿಲ್ಲ. 'ನಿಬಂಧನೆ' ಎಂಬ ಅರ್ಥದ ಪದವಾಗಲಿ, ತುರ್ತು ಸಮಯದಲ್ಲಿ ಉರಿಸುವ ದೀಪದ ಹೆಸರಾಗಲಿ ಆಕೆಗೆ ಬರಿಯ ಶಬ್ದವಾಗಿಯೇ ಕೇಳಿಸುತ್ತಿತ್ತು. ನಮ್ಮ ನಾಡಿನಲ್ಲಿಯೂ ಇಂಥ ಕಷ್ಟ ಅಪರಿಚಿತವಲ್ಲ. 'ಲೈಸೆನ್ಸು' ಎಂದರೆ ತಟ್ಟನೆ ತಿಳಿಯುವ ರೈತನಿಗೆ 'ಚಾಲನಾ ಅನುಜ್ಞಾಪತ್ರ' ಎಂದು ಬರೆದ ಕಾಗದವನ್ನು ಕೊಟ್ಟರೆ ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಓದಿದವರನ್ನು ಹುಡುಕಿಕೊಂಡು ಹೋಗುತ್ತಾನೆ. ಅನುಭವ ದೊಡ್ಡದಿದ್ದರೂ ಶಾಲೆ ತಪ್ಪಿಹೋದ ಹಿರಿಯರು ಕಚೇರಿಯ ಕಾಗದದ ಮುಂದೆ ಹೀಗೆ ಚಿಕ್ಕವರಾಗುವುದುಂಟು.

ಅರ್ಥ ತಿಳಿಯದವರಿಗೆ ಉಳಿಯುವ ದಾರಿ ಒಂದೇ, ಬಾಯಿಪಾಠ. ಆಕೆ ಪ್ರಶ್ನೆಯನ್ನೂ ಉತ್ತರವನ್ನೂ ಹಾಗೆಹಾಗೆಯೇ ನೆನಪಿನಲ್ಲಿಡಲು ಯತ್ನಿಸಿದರು. ಬಾಯಿಪಾಠದ ಸಂಕಟ ವಿದ್ಯಾರ್ಥಿಗಳಿಗೆ ಚೆನ್ನಾಗಿ ತಿಳಿದಿರುತ್ತದೆ. ಪ್ರಶ್ನೆಯ ಒಂದು ಮಾತು ಆಚೀಚೆಯಾದರೆ ಕಲಿತ ಉತ್ತರ ಕೆಲಸಕ್ಕೆ ಬಾರದು. ಆಕೆಯ ಅಂಕಗಳು ಅರವತ್ತರ ಕೆಳಗೇ ಸುಳಿಯುತ್ತಿದ್ದುದಕ್ಕೆ ಇದೇ ಕಾರಣ.

ವಾಹನ ಕಲಿಸುವ ಶಾಲೆಯೊಂದರ ಶಿಕ್ಷಕರು ಆಕೆಗೆ ನೆರವಾದರು. ಗಂಟೆಗಟ್ಟಲೆ ಜೊತೆಯಲ್ಲಿ ಕುಳಿತು ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ಅದು ಸುಲಭದ ಕೆಲಸವಾಗಿರಲಿಲ್ಲ. ಹೇಳಿದ್ದನ್ನೇ ಮತ್ತೆಮತ್ತೆ ಹೇಳಬೇಕಾಗುತ್ತಿತ್ತು. ಆದರೂ ತಪ್ಪದೆ ಬಂದು ಕೂರುವ ಈ ಅಜ್ಜಿಗೆ "ಇನ್ನು ಸಾಕು, ಬಿಟ್ಟುಬಿಡಿ" ಎಂದು ಹೇಳುವ ಧೈರ್ಯ ಅವರಲ್ಲಿ ಯಾರಿಗೂ ಬರಲಿಲ್ಲ. ಅರ್ಥ ತಿಳಿಯುತ್ತ ಬಂದಂತೆ ಅಂಕಗಳು ಒಂದೊಂದೇ ಮೆಟ್ಟಿಲು ಮೇಲೇರತೊಡಗಿದವು.

2009ರ ಆರಂಭದಲ್ಲಿ, ಏಳುನೂರ ಎಪ್ಪತ್ತಕ್ಕೂ ಹೆಚ್ಚು ಸಲ ನಪಾಸಾದ ವೃದ್ಧೆಯೆಂದು ಆಕೆಯ ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು. ಅದನ್ನೊಂದು ವಿನೋದದ ಸಂಗತಿಯಾಗಿ ಓದಿದವರಿಗೆ ಕೊರತೆಯಿರಲಾರದು. ಸೋಲು ಮನೆಯೊಳಗಿದ್ದಾಗ ಸಹಿಸುವುದು ಒಂದು ಬಗೆ. ಅದು ಜಗತ್ತಿನ ಮಾತಾದ ಮೇಲೆ ಮರುದಿನ ಅದೇ ಬಾಗಿಲಿಗೆ ಹೋಗಿ ನಿಲ್ಲುವುದು ಮತ್ತೊಂದು ಬಗೆ. ಆಕೆ ಹೋಗುವುದನ್ನು ನಿಲ್ಲಿಸಲಿಲ್ಲ. 2009ರ ನವೆಂಬರಿನಲ್ಲಿ, ಒಂಬೈನೂರ ಐವತ್ತನೆಯ ಸಲ ಬರೆದಾಗ, ಆಕೆಗೆ ಬಂದ ಅಂಕ ಸರಿಯಾಗಿ 60. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮುಂದೆ ಮೈದಾನದ ಪರೀಕ್ಷೆ. ಅಲ್ಲಿ ನಾಲ್ಕು ಸಲ ತಪ್ಪಿ ಐದನೆಯ ಸಲ ಗೆದ್ದರು. ರಸ್ತೆಯ ಪರೀಕ್ಷೆಯಲ್ಲಿಯೂ ಹಾಗೆಯೇ ನಾಲ್ಕು ಸೋಲು, ಐದನೆಯದು ಗೆಲುವು. ಬರೆಯುವ ಪರೀಕ್ಷೆಗೆ ಒಂಬೈನೂರ ಐವತ್ತು ಸಲ ಬೇಕಾದವರಿಗೆ ಗಾಡಿ ನಡೆಸುವ ಎರಡು ಪರೀಕ್ಷೆಗಳೂ ಸೇರಿ ಹತ್ತೇ ಸಲ ಸಾಕಾದವು! ಕೈಗೆ ಬಂದ ಕೆಲಸಕ್ಕಿಂತ ಕಾಗದದ ಮೇಲಿನ ಮಾತೇ ಆಕೆಗೆ ಕಠಿಣವಾಗಿತ್ತೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. 2010ರ ಮೇ ತಿಂಗಳಿನಲ್ಲಿ, ಒಟ್ಟು ಒಂಬೈನೂರ ಅರವತ್ತನೆಯ ಪರೀಕ್ಷೆಯ ತರುವಾಯ, ಲೈಸೆನ್ಸು ಆಕೆಯ ಕೈಸೇರಿತು. ಅದಕ್ಕಾಗಿ ಆಕೆಗೆ ತಗುಲಿದ ವೆಚ್ಚ 50 ಲಕ್ಷ ವಾನ್‌ಗಿಂತ ಹೆಚ್ಚು; ಅಂದಿನ ನಮ್ಮ ನಾಣ್ಯದಲ್ಲಿ ಸುಮಾರು ಎರಡು ಲಕ್ಷ ರೂಪಾಯಿ. ಕಾಯಿಪಲ್ಲೆ ಮಾರುವವರಿಗೆ ಅದು ಸಣ್ಣ ಮೊತ್ತವಲ್ಲ. ಕಲಿಸಿದ ಶಿಕ್ಷಕರು ಆಕೆಗೆ ಹೂವು ಕೊಟ್ಟು ಅಪ್ಪಿಕೊಂಡು ಸಂಭ್ರಮಿಸಿದರು. ಅದೇ ವರ್ಷ ಕೊರಿಯಾದ ಪ್ರಸಿದ್ಧ ಕಾರು ಸಂಸ್ಥೆಯೊಂದು ಆಕೆಗೆ ಹೊಸ ಕಾರನ್ನು ಕಾಣಿಕೆಯಾಗಿ ನೀಡಿತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಇಷ್ಟು ಸಲ ತಪ್ಪಿದವರಿಗೆ ರಸ್ತೆಯಲ್ಲಿ ಗಾಡಿ ನಡೆಸಲು ಬಿಡಬಹುದೇ? ರಸ್ತೆಯೆಂಬುದು ನಡೆಸುವವನೊಬ್ಬನ ಸೊತ್ತಲ್ಲ. ಶಾಲೆಗೆ ಹೋಗುವ ಮಗು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು, ಕೋಲೂರಿ ದಾಟುವ ಮುದುಕ, ಎಲ್ಲರ ಪ್ರಾಣವೂ ಅಲ್ಲಿ ನಡೆಸುವವನ ಕೈಯಲ್ಲಿರುತ್ತದೆ. ಆದ್ದರಿಂದಲೇ ಬಹುತೇಕ ದೇಶಗಳು ಪರೀಕ್ಷೆಯನ್ನು ಇಟ್ಟಿವೆ. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯಂತೆ ಹದಿನೆಂಟು ತುಂಬದವರು ಕಾರು ನಡೆಸುವಂತಿಲ್ಲ; ತುಂಬಿದವರೂ ಮೊದಲು ಕಲಿಯುವವರ ಲೈಸೆನ್ಸು ಪಡೆದು, ಗಾಡಿಗೆ ಕೆಂಪು ಬಣ್ಣದ 'ಎಲ್' ಅಕ್ಷರ ಅಂಟಿಸಿಕೊಂಡು ಅಭ್ಯಾಸ ಮಾಡಬೇಕು.

ಕೊರಿಯಾದ ಆ ಪರೀಕ್ಷಕರು ಅಜ್ಜಿಯ ವಯಸ್ಸನ್ನು ನೋಡಿ ಕನಿಕರದಿಂದ ಐದು ಅಂಕ ಕೂಡಿಸಿದ್ದರೆ ಕತೆ ಬೇಗ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಅರವತ್ತು ಎಂಬ ಗೆರೆ ಯುವಕರಿಗೆ ಎಲ್ಲಿತ್ತೋ ಆಕೆಗೂ ಅಲ್ಲಿಯೇ ಇತ್ತು. ಜೊತೆಗೆ, "ನೀನು ಇನ್ನು ಬರಬೇಡ" ಎಂದು ಬಾಗಿಲನ್ನೂ ಮುಚ್ಚಲಿಲ್ಲ. ಮಧ್ಯವರ್ತಿಗೆ ಹಣ ತೆತ್ತು, ಕಲಿಯದೆಯೇ ಲೈಸೆನ್ಸು ಪಡೆಯಲು ಹವಣಿಸುವವರು ಎಲ್ಲ ಕಡೆಯೂ ಇದ್ದಾರೆ. ಅವರ ಜೇಬಿನಲ್ಲಿರುವ ಕಾಗದಕ್ಕೂ ಈ ವೃದ್ಧೆ ಗಳಿಸಿದ ಕಾಗದಕ್ಕೂ ಮೇಲುನೋಟಕ್ಕೆ ಭೇದ ಕಾಣದು. ಆದರೆ ತಿರುವಿನಲ್ಲಿ ಎದುರಿಗೆ ಮಗುವೊಂದು ಓಡಿ ಬಂದಾಗ ನೆರವಿಗೆ ಬರುವುದು ಕಾಗದವಲ್ಲ, ಕಲಿತ ವಿದ್ಯೆ.

ಬರಿಯ ಹಟದಿಂದಲೇ ಆಕೆ ಗೆದ್ದರೆಂದು ಹೇಳುವುದೂ ಪೂರ್ಣ ಸತ್ಯವಲ್ಲ. ಬಾಯಿಪಾಠವನ್ನೇ ನೆಚ್ಚಿದ್ದಷ್ಟು ಕಾಲ ಹಟ ಆಕೆಯನ್ನು ಐವತ್ತರ ಆಸುಪಾಸಿನಲ್ಲಿಯೇ ನಿಲ್ಲಿಸಿತ್ತು. ತಿಳಿಯದ ಪದವನ್ನು ತಿಳಿಯದೆಂದು ಒಪ್ಪಿ, ತನಗಿಂತ ಕಿರಿಯರ ಮುಂದೆ ಕುಳಿತು ಅರ್ಥ ಕೇಳಿದಾಗ ದಾರಿ ತೆರೆಯಿತು. ಹಟವು ಆಕೆಯನ್ನು ಶಿಕ್ಷಕರ ಬಳಿಗೆ ಮರಳಿ ಮರಳಿ ಕರೆತಂದಿತು. ಮುಂದಿನ ಹೆಜ್ಜೆಯನ್ನು ಇಡಿಸಿದ್ದು ಆ ವಿನಯ. ಪರೀಕ್ಷೆಯ ಕೊಠಡಿಯಿಂದ ಬೇಸರದ ಮುಖದಲ್ಲಿ ಹೊರಬರುವ ವಿದ್ಯಾರ್ಥಿಗಳು ಇವೆರಡನ್ನೂ ನೆನಪಿನಲ್ಲಿಡಬೇಕು. ಮತ್ತೊಮ್ಮೆ ಬರೆಯುವ ಧೈರ್ಯ ಬೇಕು. ಬರೆಯುವ ಮುನ್ನ, ಕಳೆದ ಸಲ ತಿಳಿಯದೆ ಹೋದುದೇನೆಂದು ಕೇಳಿ ತಿಳಿಯುವ ಮನಸ್ಸೂ ಬೇಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚಾ ಸಾ-ಸೂನ್ ಅವರ ಹೆಸರಿನ ವಿಶೇಷವೇನು?
2. ಆಕೆ ಮೊದಲ ಸಲ ಲಿಖಿತ ಪರೀಕ್ಷೆಗೆ ಕುಳಿತದ್ದು ಯಾವಾಗ?
3. ಆಕೆಗೆ ಗಾಡಿ ನಡೆಸಲು ಕಲಿಯಬೇಕೆಂಬ ಆಸೆ ಏಕೆ ಹುಟ್ಟಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲಿಖಿತ ಪರೀಕ್ಷೆ ಆಕೆಗೆ ಏಕೆ ಕಠಿಣವಾಯಿತು?
2. ವಯಸ್ಸಾದವರು ಹೊಸ ವಿದ್ಯೆ ಕಲಿಯುವಾಗ ಎದುರಾಗುವ ಅಡ್ಡಿಗಳು ಯಾವುವು?
3. ಪರೀಕ್ಷಕರು ಕನಿಕರದಿಂದ ಅಂಕ ಕೂಡಿಸಿದ್ದರೆ ಅದು ಸರಿಯಾಗುತ್ತಿತ್ತೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.

ಇ) ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಕೈಬಿಡು, ದಡ ಸೇರಿಸು, ಮೇಲುನೋಟ, ಹಿಂಜರಿ

ಈ) ನಿಮ್ಮ ಮನೆಯ ಅಥವಾ ಊರಿನ ಹಿರಿಯರೊಬ್ಬರು ವಯಸ್ಸಾದ ಮೇಲೆ ಕಲಿತ ವಿದ್ಯೆಯೊಂದನ್ನು ಕುರಿತು ಅವರಿಂದಲೇ ಕೇಳಿ ತಿಳಿದು, ಒಂದು ಪುಟದ ಪ್ರಬಂಧ ಬರೆಯಿರಿ.