ಸಂಸಾರ: ಒಂದು ಪದ, ಹಲವು ಅರ್ಥ

ಒಮ್ಮೆ ಕಿರುಪರೀಕ್ಷೆಯಲ್ಲಿ ನಾವು ಒಂಬತ್ತನೆಯ ತರಗತಿಯವರಿಗೆ 'ಸಂಸಾರ' ಎಂಬ ಪದದ ಅರ್ಥವನ್ನು ಕೇಳಿದ್ದೆವು. 'ಕುಟುಂಬ' ಎಂಬುದು ನಾವು ನಿರೀಕ್ಷಿಸಿದ್ದ ಉತ್ತರ. ಒಬ್ಬ ವಿದ್ಯಾರ್ಥಿನಿ 'ಹೆಂಡತಿ' ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ತರಗತಿಯಲ್ಲಿ ಅದನ್ನು ಓದಿಯೂ ಬಿಟ್ಟೆವು. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿದಳು.

ಮರುವಾರ ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವಳ ತಂದೆ ಬಂದರು. ಅವರು ದಿಂಬಂ ಘಟ್ಟದ ಕೆಳಗೆ, ಸತ್ಯಮಂಗಲದ ಕಡೆಯವರು, ಮನೆಮಾತು ತಮಿಳು. "ಸಂಸಾರಕ್ಕೆ ಮೈ ಸರಿಯಿಲ್ಲ ಸಾರ್, ಅದಕ್ಕೇ ಮಗು ಬರಲಿಲ್ಲ" ಎಂದರು. "ಮನೆಮಂದಿಗೆಲ್ಲಾ ಜ್ವರವೇ?" ಎಂದು ನಾವು ಗಾಬರಿಯಿಂದ ಕೇಳಿದೆವು. "ಇಲ್ಲ ಸಾರ್, ಅವಳ ತಾಯಿಗೆ ಮಾತ್ರ" ಎಂದರು. ನಮಗೆ ಆ ಕೆಂಪು ಗೆರೆ ನೆನಪಾಯಿತು. ತಮಿಳಿನ ಆಡುಮಾತಿನಲ್ಲಿ 'ಸಂಸಾರಂ' ಎಂದರೆ ಹೆಂಡತಿ. ಹುಡುಗಿ ತನ್ನ ಮನೆಯಲ್ಲಿ ಕೇಳಿದ್ದನ್ನೇ ಬರೆದಿದ್ದಳು.

ಹಾಗಾದರೆ ಈ ಪದದ ನಿಜವಾದ ಅರ್ಥ ಯಾವುದು? ಮೊದಲು ಮೂಲವನ್ನು ನೋಡೋಣ. ಇದು ಸಂಸ್ಕೃತ ಪದ. 'ಸೃ' ಎಂಬ ಧಾತುವಿಗೆ ಹರಿ, ಚಲಿಸು ಎಂಬ ಅರ್ಥ. ಅದರ ಹಿಂದೆ 'ಸಂ' ಉಪಸರ್ಗ ಸೇರಿದೆ. ಅಲೆಯುತ್ತ ಸಾಗುವುದೇ ಸಂಸಾರ. ಇದರಲ್ಲಿ ಕುಟುಂಬವೂ ಇಲ್ಲ, ಹೆಂಡತಿಯೂ ಇಲ್ಲ!

ಕಠೋಪನಿಷತ್ತಿನಲ್ಲಿ ಈ ಪದ ಬರುತ್ತದೆ. ವಿವೇಕವಿಲ್ಲದವನು ಪರಮಪದವನ್ನು ಸೇರದೆ ಸಂಸಾರಕ್ಕೇ ಬರುತ್ತಾನೆ ಎಂಬುದು ಅಲ್ಲಿನ ಮಾತು. ಎಂದರೆ ಹುಟ್ಟು ಸಾವುಗಳ ಸುತ್ತು. ಜೈನರು ಆ ಸುತ್ತಿನಲ್ಲಿ ದೇವ, ಮನುಷ್ಯ, ತಿರ್ಯಂಚ, ನಾರಕ ಎಂಬ ನಾಲ್ಕು ಗತಿಗಳನ್ನು ಹೇಳುತ್ತಾರೆ. ಅವರ ಸ್ವಸ್ತಿಕದ ನಾಲ್ಕು ತೋಳುಗಳು ಈ ಗತಿಗಳನ್ನೇ ಸೂಚಿಸುತ್ತವೆ. ನಮ್ಮ ನೆರೆಯ ಚಾಮರಾಜನಗರ ತಾಲ್ಲೂಕಿನ ಕನಕಗಿರಿ ಜೈನರ ಪ್ರಸಿದ್ಧ ಕ್ಷೇತ್ರ. ಇತ್ತ ಹಾಸನೂರಿನಿಂದ ಕೊಳ್ಳೇಗಾಲದ ಕಡೆ ಹೋದರೆ ಒಡೆಯರಪಾಳ್ಯದ ಟಿಬೆಟಿಯನ್ನರ ನೆಲೆ ಸಿಗುತ್ತದೆ. ಅವರು ಬೌದ್ಧರು. ಅವರ ಭಾಷೆಯಲ್ಲಿ ಸಂಸಾರಕ್ಕೆ ಇರುವ ಪದದ ಅರ್ಥವೇ 'ತಿರುಗುವುದು'. ಟಿಬೆಟಿಯನ್ ವಿಹಾರಗಳ ಹೊರಗೋಡೆಯಲ್ಲಿ ಇದನ್ನು ಚಕ್ರವಾಗಿ ಬಿಡಿಸುವುದು ರೂಢಿ. ಚಕ್ರದ ನಡುವೆ ಹಂದಿ, ಹಾವು, ಹುಂಜಗಳಿರುತ್ತವೆ. ಅಜ್ಞಾನ, ದ್ವೇಷ, ಆಸೆಗಳೇ ಚಕ್ರವನ್ನು ತಿರುಗಿಸುತ್ತವೆ ಎಂಬುದು ಅದರ ತಾತ್ಪರ್ಯ.

ಜನರ ಮಾತಿಗಿಳಿದಾಗ ಪದ ಬೇರೆ ಬೇರೆ ದಾರಿ ಹಿಡಿಯಿತು. ಹಿಂದಿಯಲ್ಲಿ ಸಂಸಾರವೆಂದರೆ ಜಗತ್ತು. ಮರಾಠಿ, ಬಂಗಾಳಿಗಳಲ್ಲಿ, ನಮ್ಮಲ್ಲಿರುವಂತೆ, ಮನೆವಾರ್ತೆ. ಮಲಯಾಳದಲ್ಲಿ 'ಸಂಸಾರಂ' ಎಂದರೆ ಮಾತುಕತೆ. 2014ರಲ್ಲಿ ಬಂದ ಒಂದು ಮಲಯಾಳ ಚಲನಚಿತ್ರದ ಹೆಸರು 'ಸಂಸಾರಂ ಆರೋಗ್ಯತ್ತಿನು ಹಾನಿಕರಂ'. ಮಾತು ಆರೋಗ್ಯಕ್ಕೆ ಹಾನಿಕರ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಹೇಗೆ ಕೇಳುತ್ತದೆ, ಊಹಿಸಿಕೊಳ್ಳಿ! ಸಮುದ್ರ ದಾಟಿದ ಮೇಲೆ ಇಂಡೋನೇಷ್ಯಾದಲ್ಲಿ ಅದು 'ಸೆಂಗ್ಸಾರ' ಆಗಿ ಕಷ್ಟ, ಯಾತನೆ ಎಂಬ ಅರ್ಥ ಪಡೆಯಿತು. ಥಾಯ್ ಭಾಷೆಯಲ್ಲಿ 'ಸೊಂಗ್ಸಾನ್' ಎಂದರೆ ಮರುಕಪಡು.

ಕನ್ನಡದಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಬಾಳುತ್ತಿವೆ. 'ಸಂಸಾರ ಸಾಗರ' ಎಂದಾಗ ದಾಟಬೇಕಾದ ಬಂಧನ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆಯಲ್ಲಿ ಕಾಪಾಡಬೇಕಾದ ಮನೆ. 12ನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಸಂಸಾರದಲ್ಲಿದ್ದುಕೊಂಡೇ ಸಂಸಾರವನ್ನು ದಾಟಲೆತ್ನಿಸಿದವರು.

ಆದ್ದರಿಂದ ವಿದ್ಯಾರ್ಥಿಗಳೇ, ಪದವೊಂದೇ ಇದ್ದರೆ ಅರ್ಥ ಪೂರ್ತಿಯಾಗದು. ಯಾರು, ಎಲ್ಲಿ, ಯಾವ ವಾಕ್ಯದಲ್ಲಿ ಹೇಳಿದರು ಎಂಬುದನ್ನು ನೋಡಬೇಕು. ಪರೀಕ್ಷೆಯಲ್ಲಿ ವಾಕ್ಯಕ್ಕೆ ಹೊಂದುವ ಕನ್ನಡದ ಅರ್ಥವನ್ನೇ ಬರೆಯಿರಿ. ಆದರೆ ಗೆಳೆಯನ ಮನೆಮಾತು ಬೇರೆಯಾದರೆ ನಗಬೇಡಿ. ಪೋಷಕರಲ್ಲಿಯೂ ಒಂದು ವಿನಂತಿ: ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ತಾಳವಾಡಿಯ ಮಕ್ಕಳು ತಡವರಿಸಿದರೆ ಗದರಿಸಬೇಡಿ, ಯಾವ ಅರ್ಥದಲ್ಲಿ ಹೇಳಿದೆ ಎಂದು ಕೇಳಿ.

ಆ ಕೇಳುವ ಕೆಲಸವನ್ನು ಮೊದಲು ಮಾಡಬೇಕಾಗಿದ್ದವರು ನಾವೇ. ಆ ಹುಡುಗಿ ಮರಳಿ ಬಂದ ದಿನ ತರಗತಿಯ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡು, ಅವಳಿಗೆ ಒಂದು ಅಂಕ ಕೊಟ್ಟೆವು. ಅನಂತರ ಕೇಳಿದೆವು: "ನಿನ್ನ ತಾಯಿ ಹೇಗಿದ್ದಾರಮ್ಮ?"